ಲಗಮಣ್ಣನ ಲಾಖಿ

ನಾಣ್ಯವನ್ನು ಕಂಪನಿಗೆ ಕಳಿಸುವ ಮಾತು ತೆಗೆದವನು ಕಲ್ಮೇಶ. ಕಿತ್ತೂರಿನ ಹೈಸ್ಕೂಲ್ ಮಾಸ್ತರ. ನಾಣ್ಯದ ಹುಚ್ಚು ಹತ್ತಿ ನಾಲ್ಕು ವರ್ಷವಾಗಿತ್ತಷ್ಟೇ. ಆದರೆ ಅವನ ಹತ್ತಿರವಿದ್ದವೆಲ್ಲ ಆಗಲೇ ಅಸಲಿ-ನಕಲಿ ಪರೀಕ್ಷಿಸುವ ಗ್ರೇಡಿಂಗ್ ಕಂಪನಿಗೆ ಹೋಗಿ, ಎಪ್ಪತ್ತಕ್ಕೆ ಇಷ್ಟು ಎಂದು ಅಂಕ ತಗೊಂಡು, ಪ್ಲಾಸ್ಟಿಕ್ ಡಬ್ಬಿಯೊಳಗೆ ಸೀಲಾಗಿ ಬಂದಿದ್ದವು.

“ಡಬ್ಬಿ ಇಲ್ಲದ ನಾಣ್ಯ ಅಂದ್ರ ಮಾರ್ಕ್ಸ್ ಕಾರ್ಡ್ ಇಲ್ಲದ ವರ ಇದ್ದಂಗ, ಕಾಕಾ. ನೋಡಾಕ ಚಂದ ಇರ್ತಾನ, ಹೆಣ್ಣು ಯಾರೂ ಕೊಡೂದಿಲ್ಲ.”

ಲಗಮಣ್ಣ ಒಂದು ಮುಕ್ಕು ಚುರಮರಿ ಬಾಯಿಗೆ ಒಗೆದುಕೊಂಡ. “ನನಗ ಕೊಟ್ಟಾರಲ್ಲಪಾ. ಮಾರ್ಕ್ಸ್ ಕಾರ್ಡ್ ಇರಲಿಲ್ಲ, ಫ್ರೀ ಬಸ್ ಪಾಸ್ ಇತ್ತು.”

ಎಲ್ಲರೂ ನಕ್ಕರು. ಬಸವಲಿಂಗನೂ ನಕ್ಕ. ತಿಂಗಳ ಎರಡನೆಯ ಭಾನುವಾರ ನಾಣ್ಯ ಸಂಗ್ರಹಿಸುವ ಅವರೆಲ್ಲ ಸೇರುತ್ತಿದ್ದದ್ದು ಅವನದೇ ಮಿಲ್ಲಿನ ಆಫೀಸಿನಲ್ಲಿ. ಬೈಲಹೊಂಗಲದ ಆ ಹತ್ತಿ ಮಿಲ್ಲು ನಿಂತು ಹನ್ನೊಂದು ವರ್ಷವಾಗಿದ್ದರೂ ಫ್ಯಾನು ಹಾಕಿದರೆ ಇನ್ನೂ ಎಲ್ಲಿಂದಲೋ ಎರಡು ಎಳೆ ಅರಳೆ ಹಾರಿಬಂದು ಚಹಾದ ಕಪ್ಪಿನಲ್ಲಿ ಬೀಳುತ್ತಿತ್ತು.

“ಚಾಷ್ಟಿ ಅಲ್ಲ ಕಾಕಾ. ಈ ಸಲ ಧಾರವಾಡದ ಪ್ರದರ್ಶನದಾಗ ಡಬ್ಬಿಯೊಳಗಿನವು ಅಷ್ಟ ಸ್ಪರ್ಧಾಕ್ಕ ನಿಲ್ಲೂದು. ನಿಮ್ಮ ಲಾಖಿ ಹೊರಗ ಕುಂಡ್ರಬೇಕಾಕ್ಕೈತಿ.”

ಲಗಮಣ್ಣನ ಕೈ ಅಂಗಿಯ ಒಳಜೇಬಿಗೆ ಹೋಯಿತು. ಅಲ್ಲೇ ಇತ್ತು ಅದು, ಸಣ್ಣ ಮಖಮಲ್ಲಿನ ಚೀಲದಲ್ಲಿ. “ನಂದು ಯಾಕ ಹೊರಗ ಕುಂಡ್ರತೈತಿ? ಬಸಲಿಂಗಣ್ಣ, ನೀ ಹೆಂಗೂ ಈ ತಿಂಗಳ ನಿನ್ನವು ಕಳಸಾಂವ ಇದ್ದಿ. ಅದರಾಗ ನಂದೂ ಒಂದು ಹಾಕು.”

ಚೀಲ ಮೇಜಿನ ಮೇಲೆ ಬಂದು ಬಸವಲಿಂಗನ ಮುಂದೆ ನಿಂತಿತು.

ಲಾಖಿ ಅಂದರೆ ಲಕ್ಷಕ್ಕೊಂದು. ಟಂಕಸಾಲೆಯಲ್ಲಿ ಅಚ್ಚಾದ ನಾಣ್ಯ ಒಮ್ಮೊಮ್ಮೆ ಕೆಳಗೆ ಬೀಳದೆ ಅಚ್ಚಿಗೇ ಅಂಟಿಕೊಳ್ಳುತ್ತದೆ. ಆಗ ಮುಂದಿನ ಬಿಲ್ಲೆಯ ಮೇಲೆ ಆ ನಾಣ್ಯದ ಮುಖವೇ ಒತ್ತಿಕೊಂಡು ಒಂದು ಬದಿಗೆ ಸಿಂಹಗಳು ಉಬ್ಬಿ, ಇನ್ನೊಂದು ಬದಿಗೆ ಅವೇ ಸಿಂಹಗಳು ತಿರುವುಮುರುವಾಗಿ ತಗ್ಗಿನಲ್ಲಿ ಮೂಡುತ್ತವೆ. ಲಗಮಣ್ಣನದು ಎರಡು ರೂಪಾಯಿಯ ಹಳೆಯ ಹನ್ನೊಂದು ಮೂಲೆಯ ನಾಣ್ಯ. ಹಿಂಬದಿಗೆ ಭಾರತದ ನಕಾಶೆ ಇರಬೇಕಾದಲ್ಲಿ ಸಿಂಹಗಳ ತಗ್ಗು. ಬಸ್ಸಿನ ಚೀಲದಲ್ಲಿ ಸಿಕ್ಕದ್ದು. ಅವನು ಸವದತ್ತಿ ಡಿಪೋದ ಕಂಡಕ್ಟರಾಗಿದ್ದ. ಚೀಲಕ್ಕೆ ಬಿದ್ದ ನಾಣ್ಯ ಮನಸ್ಸಿಗೆ ಬಂದರೆ ತನ್ನ ಕಿಸೆಯಿಂದ ಅಷ್ಟೇ ಬೆಲೆಯದನ್ನು ಚೀಲಕ್ಕೆ ಹಾಕಿ ಅದನ್ನು ಎತ್ತಿಕೊಳ್ಳುತ್ತಿದ್ದ. ಯಲ್ಲಮ್ಮನ ಗುಡ್ಡದಿಂದ ಇಳಿದವರು ಕೊಟ್ಟ ಭಂಡಾರ ಹತ್ತಿದ ಚಿಲ್ಲರೆಯಿಂದ, ರಾಮದುರ್ಗದ ಸಂತೆಯ ಚಿಲ್ಲರೆಯಿಂದ ಹೀಗೆ ಅವನ ಸಂಗ್ರಹ ಬೆಳೆದಿತ್ತು. ಹಣ ಕೊಟ್ಟು ಕೊಂಡದ್ದು ಒಂದೂ ಇಲ್ಲ. ಬಸವಲಿಂಗನದು ಎಲ್ಲವೂ ಕೊಂಡದ್ದೇ.

ಆ ಲಾಖಿಯನ್ನು ಮಾಡಿದವನು ಬಸವಲಿಂಗ.

ಇಪ್ಪತ್ತೊಂದು ವರ್ಷದ ಹಿಂದಿನ ಮಾತು. ಆಗ ಇವರು ಸೇರುತ್ತಿದ್ದದ್ದು ಬಸ್ ನಿಲ್ದಾಣದ ಎದುರಿನ ಚಹಾದಂಗಡಿಯಲ್ಲಿ. ಬಸವಲಿಂಗ ಬೆಳಗಾವಿಯ ವ್ಯಾಪಾರಿಯೊಬ್ಬನಿಂದ ಸಾವಿರದ ಒಂಬೈನೂರ ಮೂವತ್ತೊಂಬತ್ತರ ಬೆಳ್ಳಿ ರೂಪಾಯಿ ತಂದಿದ್ದ. ಸಿಗುವುದೇ ಅಪರೂಪದ ಇಸವಿ. ಲಗಮಣ್ಣ ಅದನ್ನು ಕಲ್ಲಿನ ಮೇಜಿನ ಮೇಲೆ ಬೀಳಿಸಿ ಸದ್ದು ಕೇಳಿದ, ಬಿಸಿಲಿಗೆ ಹಿಡಿದ. “ರೂಪಾಯಿ ಖರೇ ಐತ್ರಿ ಸಾವಕಾರ್ರ, ಒಂಬತ್ತು ಸುಳ್ಳ. ಎಂಟನ್ನ ಕೊರದು ಒಂಬತ್ತು ಮಾಡ್ಯಾರ” ಅಂದ. ಇಡೀ ಅಂಗಡಿ ನಕ್ಕಿತು. ಚಹಾ ಕೊಡುವವನೂ ನಕ್ಕ.

ಆ ವಾರವೇ ಬಸವಲಿಂಗ ಮಿಲ್ಲಿನ ವರ್ಕ್‌ಶಾಪಿನಲ್ಲಿ ಒಂದು ಎರಡು ರೂಪಾಯಿಯ ನಕಾಶೆಯನ್ನು ಲೋಹ ಸವೆಸುವ ಕಾನಸಿನಿಂದ ಉಜ್ಜಿ ತೆಗೆದ. ಅದರ ಮೇಲೆ ಇನ್ನೊಂದರ ಸಿಂಹದ ಮುಖ ಇಟ್ಟು, ಕೆಳಗೆ ಚರ್ಮದ ತುಂಡು ಹಾಕಿ ಜಾಕಿನಲ್ಲಿ ಒತ್ತಿದ. ಮೂರು ನಾಣ್ಯ ಕೆಟ್ಟು ನಾಲ್ಕನೆಯದು ಚೊಲೋ ಬಂತು. ಸೋಮವಾರ ಸವದತ್ತಿಗೆ ಹೋಗಿ, ಲಗಮಣ್ಣನ ಬಸ್ಸು ಹತ್ತಿ, ಉಗರಗೋಳಕ್ಕೆ ಟಿಕೇಟು ತಗೊಂಡು ಚಿಲ್ಲರೆಯ ನಡುವೆ ಅದನ್ನು ದಾಟಿಸಿದ. ಉಗರಗೋಳದಲ್ಲಿ ಅವನಿಗೇನೂ ಕೆಲಸವಿರಲಿಲ್ಲ. ಒಂದು ನಿಂಬೆ ಸೋಡಾ ಕುಡಿದು ಮುಂದಿನ ಬಸ್ಸಿಗೆ ತಿರುಗಿ ಬಂದ. ಭಾನುವಾರ ಲಗಮಣ್ಣ ಅದನ್ನು ಹೆಮ್ಮೆಯಿಂದ ಅಂಗಡಿಗೆ ತರಬೇಕು, ತಾನು ಎಲ್ಲರೆದುರು ಜಾಕಿನ ಕಥೆ ಹೇಳಬೇಕು, ಒಂಬತ್ತಿನ ಲೆಕ್ಕ ಚುಕ್ತಾ ಆಗಬೇಕು. ಇಷ್ಟೇ ಅವನ ಎಣಿಕೆ.

ಲಗಮಣ್ಣ ಭಾನುವಾರದವರೆಗೆ ಕಾಯಲಿಲ್ಲ. ಬುಧವಾರವೇ ಖಾಕಿ ಬಟ್ಟೆಯಲ್ಲಿ, ಉಣ್ಣದೆ, ನೇರ ಮಿಲ್ಲಿಗೆ ಬಂದ. ಅವನ ಅಪ್ಪ ಅಲ್ಲಿ ಹಮಾಲಿಯಾಗಿದ್ದವನು. ಅಪ್ಪನಾಗಲಿ ಮಗನಾಗಲಿ ತೂಕದ ಕಟ್ಟೆಯಿಂದೀಚೆ ಎಂದೂ ಬಂದಿರಲಿಲ್ಲ. ಅವತ್ತು ಲಗಮಣ್ಣ ಆಫೀಸಿನೊಳಗೆ ಬಂದು, ಕೇಳದೆ ಕುರ್ಚಿ ಎಳೆದುಕೊಂಡು ಕೂತು, “ನೋಡ, ಬಸಲಿಂಗಣ್ಣ” ಅಂದ. ನಾಣ್ಯವನ್ನು ಆಗಲೇ ತೂಗಿಸಿ ನೋಡಿದ್ದ. ತೂಕ ಸ್ವಲ್ಪ ಕಮ್ಮಿ ಬಂದದ್ದನ್ನೂ ಅವನು ಟಂಕಸಾಲೆಯ ಖಾತೆಗೇ ಹಾಕಿದ್ದ. “ಬಿಲ್ಲೀನೂ ತೆಳ್ಳಗ ಐತಿ. ಒಂದ ನಾಣ್ಯದಾಗ ಎರಡು ತಪ್ಪು.”

ಮುಂದಿನ ವಾರ ಹೇಳಿದರಾಯಿತು ಅಂದುಕೊಂಡ ಬಸವಲಿಂಗ. ಮುಂದಿನ ವಾರ ಪತ್ರಿಕೆಯಲ್ಲಿ ಫೋಟೋ ಬಂತು. ಆಮೇಲೆ ಮನೋಳಿಯ ಶಾಲೆಯವರು ಕರೆದು ಶಾಲು ಹೊದಿಸಿದರು. ಡಿಪೋದಲ್ಲಿ ಅವನಿಗೆ ಲಾಖಿ ಲಗಮಣ್ಣ ಎಂದೇ ಹೆಸರಾಯಿತು. ಹೇಳುವ ದಿನ ಹಿಂದೆ ಹಿಂದೆ ಉಳಿದು, ಕೊನೆಗೆ ತಿರುಗಿ ನೋಡಿದರೂ ಕಾಣದಷ್ಟು ದೂರವಾಯಿತು.

ಈಗ ಆ ಚೀಲ ಮತ್ತೆ ಅವನ ಕೈಗೆ ಬಂದಿತ್ತು. ಮನೆಯಲ್ಲಿ ಭೂತಗನ್ನಡಿ ಹಿಡಿದು ನೋಡಿದ. ಎಡಗಡೆಯ ಸಿಂಹದ ಗಲ್ಲದ ಮೇಲೆ ಕೂದಲೆಳೆಯಂಥ ಗೀರು. ಕಾನಸು ಜಾರಿದ್ದು ಅವನಿಗೆ ನೆನಪಿತ್ತು. ಕಂಪನಿಯವರಿಗೆ ಇದನ್ನು ಹಿಡಿಯಲು ಎರಡು ನಿಮಿಷ ಸಾಕು.

ವಾರವಿಡೀ ಫೋನಿನಲ್ಲಿ ಹುಡುಕಿ, ಸೊಲ್ಲಾಪುರದ ವ್ಯಾಪಾರಿಯೊಬ್ಬನಲ್ಲಿ ಅಂಥದ್ದೇ ಒಂದು ಅಸಲಿ ಲಾಖಿ ಇರುವುದನ್ನು ಪತ್ತೆ ಮಾಡಿದ. ಹೆಂಡತಿಗೆ ಹೇಳಲಾಗದ ಮೊತ್ತ ಕೊಟ್ಟು ತಂದ. ಎರಡನ್ನೂ ಪಕ್ಕಪಕ್ಕ ಇಟ್ಟ. ಗೀರೊಂದನ್ನು ಬಿಟ್ಟರೆ ಅಂಥ ಫರಕು ಕಾಣಲಿಲ್ಲ. ಸೂಜಿಯಿಂದ ಹೊಸದಕ್ಕೂ ಒಂದು ಗೀರು ಎಳೆಯೋಣವೆಂದು ಕೂತ. ಗೀರಿದರೆ ಅಂಕ ಇಳಿಯುತ್ತದೆ. ಸೂಜಿ ಕೆಳಗಿಟ್ಟ. ಲಗಮಣ್ಣನಿಗೆ ಚೊಲೋ ಅಂಕ ಬರಲಿ ಎಂಬ ಆಸೆ ಅವನಿಗೆ ನಿಜವಾಗಿಯೂ ಇತ್ತು. ಲಗಮಣ್ಣನ ಹೆಸರಿನಲ್ಲಿ ಅಸಲಿಯನ್ನು ಕಳಿಸಿ, ತಾನು ಮಾಡಿದ್ದನ್ನು ಆಫೀಸಿನ ಡ್ರಾವರಿನಲ್ಲಿಟ್ಟ.

ನಲವತ್ತು ದಿನಕ್ಕೆ ಡಬ್ಬಿ ಬಂತು. ಅಸಲಿ. ಅರವತ್ತಮೂರು ಅಂಕ.

ಸುದ್ದಿ ಕೇಳಿ ಲಗಮಣ್ಣ ಸವದತ್ತಿಯಿಂದ ಮೊದಲ ಬಸ್ಸಿಗೇ ಬಂದ. ಕೈಯಲ್ಲಿ ಪೇಢೆಯ ಪೊಟ್ಟಣ. ಡಬ್ಬಿಯನ್ನು ಕಿಟಕಿಯ ಬೆಳಕಿಗೆ ಹಿಡಿದ. ಅಂಕ ಓದಿ ನಕ್ಕ. ಆಮೇಲೆ ನಾಣ್ಯ ನೋಡಿದ. ಬಹಳ ಹೊತ್ತು ನೋಡಿದ.

“ಇದು ಯಾರ್ದು?”

“ಯಾರ್ದು ಅಂದ್ರ? ನಿಂದ.”

“ನಂದಲ್ಲ.”

“ಪ್ಲಾಸ್ಟಿಕ್ಕಿನೊಳಗ ಹಂಗ ಕಾಣ್ತೈತಿ. ಹೊಳಪು ಬ್ಯಾರೆ ಆಗಿರ್ತೈತಿ.”

“ಇಪ್ಪತ್ತೊಂದು ವರ್ಷ ದಿನಾ ಮುಂಜಾನೆ ನೋಡೇನಿ, ಬಸಲಿಂಗಣ್ಣ. ನಂದರ ಸಿಂಹಕ್ಕ ಗಲ್ಲದ ಮ್ಯಾಲೆ ಗೀರು ಐತಿ. ಟಂಕಸಾಲೀದ ಗೀರು. ಇದಕ್ಕಿಲ್ಲ.” ಡಬ್ಬಿಯನ್ನು ಮೇಜಿನ ಮೇಲಿಟ್ಟ. “ಕಂಪನ್ಯಾಗ ಯಾವನೋ ಬದಲ್ ಮಾಡ್ಯಾನ. ನಡಿ, ಪೊಲೀಸ್ ಸ್ಟೇಷನ್ನಿಗೆ ಹೋಗೂಣು. ಅವನ ನೌಕರಿ ಕಳೀದ ಬಿಡೂದಿಲ್ಲ ನಾ.”

ಬಸವಲಿಂಗನಿಗೆ ಎಲ್ಲೋ ದೂರದ ಊರಿನಲ್ಲಿ ಮೇಜಿನ ಮುಂದೆ ತಲೆ ಬಗ್ಗಿಸಿ ಕೂತ, ಹೆಸರು ಗೊತ್ತಿಲ್ಲದ ಗುಮಾಸ್ತನೊಬ್ಬ ಕಂಡಂತಾಯಿತು.

“ಕಂಪನ್ಯಾವ್ರಲ್ಲ. ನಾ ಬದಲ್ ಮಾಡೇನಿ,” ಅಂದು ಡ್ರಾವರು ತೆಗೆದು ಹಳೆಯದನ್ನು ಮೇಜಿನ ಮೇಲಿಟ್ಟ.

ಉಳಿದದ್ದನ್ನೂ ಅದೇ ಉಸಿರಿನಲ್ಲಿ ಹೇಳಿಬಿಡುವವನಿದ್ದ. ಕಾನಸು, ಜಾಕು, ಉಗರಗೋಳ. ಆದರೆ ಅಷ್ಟರಲ್ಲಿ ಲಗಮಣ್ಣ ನಾಣ್ಯವನ್ನು ಎತ್ತಿಕೊಂಡಿದ್ದ. ಉಗುರಿನಿಂದ ಗೀರನ್ನು ಮುಟ್ಟಿ, ಸಿಕ್ಕಿತೆಂದು ಕಣ್ಣು ಮುಚ್ಚಿದ. ಜಾತ್ರೆಯ ಗದ್ದಲದಲ್ಲಿ ಕೈ ಬಿಟ್ಟುಹೋದ ಕೂಸು ತಿರುಗಿ ಸಿಕ್ಕವರ ಮುಖ ಹಾಗಿರುತ್ತದೆ. ಆ ಮುಖಕ್ಕೆ ಏನು ಹೇಳುವುದು?

“ಯಾಕ ಮಾಡಿದಿ?”

“ಆಸೆ ಆತು,” ಅಂದ ಬಸವಲಿಂಗ.

ಲಗಮಣ್ಣ ನಾಣ್ಯವನ್ನು ಒಳಜೇಬಿಗೆ ಹಾಕಿಕೊಂಡು ಗುಂಡಿ ಹಚ್ಚಿದ. ಮಾತಾಡಿದಾಗ ‘ರಿ’ ಹಚ್ಚಿ ಮಾತಾಡಿದ.

“ಆಸೆ ಆಗಿದ್ರ ಕೇಳಬೇಕಿತ್ರಿ ಸಾವಕಾರ್ರ. ಕೊಡ್ತಿದ್ನಿ.”

ಬಸವಲಿಂಗ ಡ್ರಾವರು ಮುಚ್ಚಿದ.

“ನಮ್ಮಪ್ಪ ಇಲ್ಲೆ ಮೂವತ್ತು ವರ್ಷ ಹತ್ತಿ ಅಂಡಿಗಿ ಹೊತ್ತಾನ. ದಿನಾ ಸಂಜಿಕ ಗೇಟಿನ್ಯಾಗ ನಿಂದ್ರಿಸಿ ಧೋತರ ಝಾಡಿಸಿ ನೋಡಿ ಬಿಡ್ತಿದ್ರು. ಒಂದು ಎಳಿ ಹತ್ತಿ ಸಿಗಲಿಲ್ಲ ಅವನ ಮೈಮ್ಯಾಲೆ.” ಬಾಗಿಲಿನ ಕಡೆ ತಿರುಗಿ, “ಹೋಗ್ಲಿ ಬಿಡ್ರಿ,” ಅಂದ. “ಕಲ್ಮೇಶ ಫಾರ್ಮ್ ತುಂಬಿ ಕೊಡ್ತಾನ. ಈ ಸಲ ನಾನ ಸವದತ್ತಿ ಪೋಸ್ಟಿನ್ಯಾಗ ಹಾಕ್ತೇನಿ.”

“ಲಗಮಣ್ಣ, ಅದನ್ನ ಕಳಸಬ್ಯಾಡ.”

“ಅರವತ್ತಮೂರಕ್ಕಿಂತ ಮ್ಯಾಲೆ ಬರ್ತೈತಿ ಅಂತ ಸಂಕಟ ಏನ್ರಿ?”

ಬಸವಲಿಂಗ ಗೇಟಿನವರೆಗೆ ಹಿಂದೆಯೇ ಹೋದ. ರಸ್ತೆ ದಾಟುವಾಗ ಲಗಮಣ್ಣ ಎರಡೂ ಕಡೆ ನೋಡಿದ, ಹಿಂದೆ ನೋಡಲಿಲ್ಲ. ಕೂಗಿ ಕರೆದರೆ ಕೇಳಿಸುವಷ್ಟು ಹತ್ತಿರವೇ ಇದ್ದ. ಕೂಗಿ ಹೇಳುವ ಮಾತಲ್ಲ ಅದು ಎಂದು ಬಸವಲಿಂಗ ತನಗೆ ತಾನೇ ಹೇಳಿಕೊಂಡ. ಬಸ್ಸು ಬಂತು.

ಮುಂದಿನ ಎರಡನೆಯ ಭಾನುವಾರ ಕಲ್ಮೇಶ ಬಂದ, ಉಳಿದವರು ಬಂದರು, ಎಂದಿನಂತೆಯೇ ಮಾತಾಡಿದರು. ಲಗಮಣ್ಣ ಕಾಕಾಗ ಮೊಣಕಾಲು ನೋವಂತ ಎಂದರು. ಬಸವಲಿಂಗ ಒಬ್ಬೊಬ್ಬರ ಮುಖ ನೋಡಿದ. ಯಾರಿಗೂ ಏನೂ ಗೊತ್ತಿರಲಿಲ್ಲ. ಲಗಮಣ್ಣ ಕಳವಿನ ಮಾತು ಎತ್ತಿಯೇ ಇರಲಿಲ್ಲ. ಮೊದಲಿನ ಸಲ ಕಂಪನಿಯವರೇ ತಪ್ಪಿ ಬೇರೆಯವರ ಡಬ್ಬಿ ಕಳಿಸಿದ್ದರೆಂದು ಕಲ್ಮೇಶನಿಗೆ ಹೇಳಿದ್ದನಂತೆ.

ಮರುದಿನ ಅವರ ವಾಟ್ಸ್ಯಾಪ್ ಗುಂಪಿನಲ್ಲಿ ಫೋಟೋ ಬಂತು. ಸವದತ್ತಿಯ ಅಂಚೆ ಕಚೇರಿ, ಅರಗಿನ ಮುದ್ರೆ ಹಾಕಿದ ಪೊಟ್ಟಣ, ಅದನ್ನು ಎರಡೂ ಕೈಯಲ್ಲಿ ಹಿಡಿದ ಲಗಮಣ್ಣ. ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದ. ಕೆಳಗೆ ಕಲ್ಮೇಶ ಬರೆದಿದ್ದ: ಲಾಖಿ ಹೊಂಟೈತಿ, ನಲವತ್ತು ದಿನ ಕಾಯ್ರಿ.

ನಲವತ್ತು ದಿನಕ್ಕೆ ಕಂಪನಿಯಿಂದ, ಇದು ಖೊಟ್ಟಿ ನಾಣ್ಯ ಎಂದು, ಅಂಕವಿಲ್ಲದ ಒಂದು ಸಾಲು ಬರುತ್ತದೆ. ಅದನ್ನು ಓದಿದ ಮೇಲೆ, ಖೊಟ್ಟಿಯೊಂದನ್ನು ಕದಿಯಲು ಯಾರಾದರೂ ಅದರ ಜಾಗದಲ್ಲಿ ಅಸಲಿಯನ್ನು ಏಕಿಡುತ್ತಾರೆ ಎಂದು ಲಗಮಣ್ಣ ಯೋಚಿಸುತ್ತಾನೆ. ಉತ್ತರ ಹೊಳೆಯಲು ಅವನಿಗೆ ಹೆಚ್ಚು ಹೊತ್ತು ಬೇಕಾಗುವುದಿಲ್ಲ.

ಬಸವಲಿಂಗ ಫೋನಿನಲ್ಲಿ ‘ಲಗಮಣ್ಣ’ ಎಂದು ಬರೆದ. ಅಳಿಸಿದ. ಗುಂಪಿನಲ್ಲಿ ಒಬ್ಬೊಬ್ಬರಾಗಿ ಹೆಬ್ಬೆಟ್ಟಿನ ಗುರುತು ಒತ್ತುತ್ತಿದ್ದರು. ಎಲ್ಲರದೂ ಮುಗಿದು ತನ್ನದೊಂದೇ ಉಳಿದಾಗ, ತಾನೂ ಒತ್ತಿದ.