ಗೇಟಿನ ಹೊರಗೆ ಉಳಿದವರು

ಸಂಜೆ ಕರುವನ್ನು ಎಳೆದು ಕಟ್ಟಿ, ಕೆಚ್ಚಲು ತೊಳೆದು, ರಂಜಿತ ಸೀಮೆಹಸುವಿನ ಹಾಲನ್ನು ಅರ್ಧ ಕರೆದಿದ್ದಳು. ಆಗ ಅತ್ತೆ ಚಿಕ್ಕಬೋರಮ್ಮ ಮಗನ ಎರಡು ಫೋಟೋ ಹಿಡಿದು ಕೊಟ್ಟಿಗೆ ಬಾಗಿಲಿಗೆ ಬಂದರು.

"ಇದ್ರಲ್ಲಿ ನಾಳೆ ಕಟ್ಟೋ ಫ್ಲೆಕ್ಸಿಗೆ ಯಾವ್ದು ಚೆನ್ನಾಗದೆ ನೋಡಮ್ಮಿ. ನೀಲಿ ಟೋಪಿದೋ, ಮದ್ವೇದೋ?"

"ಯಾವ್ದಾದ್ರೂ ಕೊಡಿ ಅತ್ತೆ."

"ಯಾವ್ದಾದ್ರೂ ಅಂತೆ! ಮುನ್ನೂರ್ ಜನದ ಪ್ರಾಣ ಉಳ್ಸವ್ನೆ ನನ್ ಮಗ. ಇವ್ಳ ಮೊಕ ನೋಡುದ್ರೆ ಸಾವಿನ್ ಮನೆಗೆ ಬಂದಂಗದೆ."

ರಂಜಿತ ಮತ್ತೆ ಕೆಚ್ಚಲಿಗೆ ಕೈ ಹಾಕಿದಳು. ಅವಳ ಗಂಡ ಲೋಕೇಶ್ ನಮ್ಮ ಸೈನ್ಯದಿಂದ ವಿಶ್ವಸಂಸ್ಥೆಯ ನೀಲಿ ಟೋಪಿಯ ಶಾಂತಿಪಡೆಗೆಂದು ಆಫ್ರಿಕಾದ ಒಂದು ದೇಶಕ್ಕೆ ಹೋಗಿದ್ದ. ಅಲ್ಲಿ ಚುನಾವಣೆ ನಡೆದು, ಸೋತವರು ಸೋಲೊಪ್ಪದೆ ಕತ್ತಿ ಕೋವಿ ಹಿಡಿದರು. ಜನ ಪ್ರಾಣ ಉಳಿಸಿಕೊಳ್ಳಲು ನಮ್ಮವರ ಶಿಬಿರಕ್ಕೆ ನುಗ್ಗಿದರು. ಮುನ್ನೂರು ಜನ ಒಳಗೆ ಬಂದರು, ಬದುಕಿದರು. ಪೇಪರಿನಲ್ಲಿ ಬಂದದ್ದು ಅಷ್ಟು.

ಬಾರದೆ ಉಳಿದದ್ದನ್ನು ಲೋಕೇಶ್ ಫೋನಿನಲ್ಲಿ ಹೇಳಿದ್ದ. "ಜಾಗ ತುಂಬೋಯ್ತು, ಗೇಟ್ ಹಾಕು ಅಂದ್ರು ರಂಜಿ. ಹಾಕ್ದೋನು ನಾನೇ. ಇನ್ನೂ ಜನ ಓಡಿ ಬತ್ತಿದ್ರು. ಕಂಬಿ ಹಿಡ್ಕಂಡು..."

"ಅದ್ನೆಲ್ಲ ಯಾಕೆ ನೆನುಸ್ಕತೀರಿ, ಬುಡಿ," ಎಂದಿದ್ದಳು ಅವಳು. "ನಿಮ್ ಕೆಲ್ಸ ನೀವ್ ಮಾಡಿದ್ದೀರಿ. ಉಂಡ್ರಾ?"

ಮಾರನೆಯ ದಿನ ಮತ್ತೆ ಅವನು "ಆ ಗೇಟ್‌ತಾವ" ಎಂದು ಶುರುಮಾಡಿದ. ಮತ್ತೆ ಅವಳು "ಬುಡಿ" ಅಂದಳು. ಕಷ್ಟ ಹೇಳಿಕೊಂಡವರಿಗೆ ಈ ಸೀಮೆಯಲ್ಲಿ ಎಲ್ಲರೂ ಕೊಡುವ ಸಮಾಧಾನ ಅದು. ತಾಯಂದಿರು ಮಕ್ಕಳ ಬೆನ್ನು ಸವರಿದಷ್ಟೇ ಸಲೀಸಾಗಿ ಬಾಯಿಗೆ ಬರುತ್ತದೆ. ನಿನ್ನೆ ಮಾತ್ರ ಅವನು ಗೇಟಿನ ಮಾತೇ ಎತ್ತಲಿಲ್ಲ. ಕಬ್ಬಿಗೆ ನೀರು ಬಿಟ್ಟರಾ, ಮಗಳು ಚಿನ್ನು ಸ್ಕೂಲಿಗೆ ಹೋದಳಾ ಎಂದು ಕೇಳಿ, ಯಾರೋ ಬರೆದುಕೊಟ್ಟದ್ದನ್ನು ಓದಿ ಮುಗಿಸಿದವನ ಹಾಗೆ ಫೋನಿಟ್ಟ. ಆಗಿನಿಂದ ಅವಳಿಗೆ ತವರೂರಿನ ಒಬ್ಬನದೇ ನೆನಪು.

ನಾಗಮಂಗಲದ ಕಡೆಯ ಆ ಊರಿನಲ್ಲೂ ಒಬ್ಬ ಸೈನಿಕನಿದ್ದ. ಗಡಿಯಿಂದ ಬಂದವನಿಗೆ ಊರವರು ಪೇಟ ಇಟ್ಟರು, ಶಾಲು ಹೊದಿಸಿದರು, ಕೋವಿ ಎಷ್ಟು ಭಾರ ಇರುತ್ತದೆ ಎಂದು ಕೇಳಿದರು. ಬೇರೆ ಏನನ್ನೂ ಯಾರೂ ಕೇಳಲಿಲ್ಲ. ವಾರ ಕಳೆಯುವುದರೊಳಗೆ ಅವನನ್ನು ತೋಟದ ಬಾವಿಯಿಂದ ಎತ್ತಿದರು.

ಕ್ಯಾನು ಹಿಡಿದು ಡೇರಿಗೆ ಬಂದಾಗ ಸಾಲಿನಲ್ಲಿ ನಿಂತಿದ್ದ ಜಯಲಕ್ಷ್ಮಮ್ಮ ನಕ್ಕರು. "ಬಾರಮ್ಮಿ ಬಾ. ಗಂಡ ಪೇಪರ್ನಲ್ಲಿ ಬಂದವ್ನೆ, ಇವತ್ತು ನಿನ್ ಆಲ್ಗೆ ಫ್ಯಾಟ್ ಜಾಸ್ತಿ ಬತ್ತದೆ."

ಡೇರಿ ಸೆಕ್ರೆಟರಿ ಪುಟ್ಟರಾಜುವೇ ಊರಿನ ಪೇಪರ್ ವರದಿಗಾರ. ಹಾಲು ಅಳೆಯುತ್ತಲೇ ಸುದ್ದಿ ಕೇಳಿಕೊಳ್ಳುವುದು, ಸಾಲು ಕರಗಿದ ಮೇಲೆ ಅದೇ ಮೇಜಿನ ಮೇಲೆ ಕೂತು ಮೊಬೈಲಿನಲ್ಲಿ ಬರೆದು ಕಳಿಸುವುದು ಅವನ ರೂಢಿ. ಲೋಕೇಶನ ಜೊತೆ ಓದಿದವನು; ಅವಳಿಗೆ ಅತ್ತಿಗೆ ಎನ್ನುತ್ತಿದ್ದ.

"ಅತ್ಗೆ, ನಾಳೆ ಪೇಪರ್ನಲ್ಲಿ ನಿಮ್ ಮಾತೂ ಬತ್ತದೆ. ಕೇಳಿ," ಎಂದು ಮೊಬೈಲು ಹಿಡಿದು ಗಟ್ಟಿಯಾಗಿ ಓದಿದ. "'ವಿದೇಶದ ನೆಲದಲ್ಲಿ ಪ್ರಜಾಪ್ರಭುತ್ವ ಕಾಪಾಡಿದ ಪತಿಯನ್ನು ಪಡೆದದ್ದು ನನ್ನ ಪುಣ್ಯ ಎಂದು ಪತ್ನಿ ರಂಜಿತ ಆನಂದಬಾಷ್ಪ ಸುರಿಸಿದರು.'"

"ನಾನ್ ಯಾವಾಗಪ್ಪಾ ಕಣ್ಣೀರ್ ಸುರ್ಸ್ದೆ?"

"ನಾಳೆ ಬೆಳಿಗ್ಗೆ ಫ್ಲೆಕ್ಸಿಗೆ ಆಲು ಉಯ್ವಾಗ ಸುರುಸ್ತೀರಲ್ಲ ಅತ್ಗೆ! ಮೊದ್ಲೇ ಬರ್ದಿಟ್ಟೆ."

ಸಾಲಿಗೆ ಸಾಲೇ ನಕ್ಕಿತು. ರಂಜಿತ ನಗಲಿಲ್ಲ. "ಗೇಟಿನ್ ಆಚೆ ಇದ್ದೋರು ಏನಾದ್ರು ಅಂತ ಬರ್ದಿದ್ದೀಯಾ ಪುಟ್ಟರಾಜು?"

ಪುಟ್ಟರಾಜು ಮೊಬೈಲು ಮೇಜಿನ ಮೇಲಿಟ್ಟ. ಅವನಿಗೂ ಗೊತ್ತಿತ್ತು, ಆ ಸುದ್ದಿ ಇಂಗ್ಲಿಷ್ ಪೇಪರಿನ ಒಳಪುಟದಲ್ಲಿ ನಾಲ್ಕು ಸಾಲು ಬಂದಿತ್ತು. ಹೊರಗೆ ಸತ್ತವರಲ್ಲಿ ಹೆಂಗಸರೇ ಹೆಚ್ಚು.

"ಅದು ನಮ್ ಜಿಲ್ಲಾ ಪುಟಕ್ಕೆ ಬರಾಕಿಲ್ಲ ಅತ್ಗೆ," ಎಂದ ಮೆಲ್ಲಗೆ. "ನಮ್ ಲೋಕಿ ಎಸ್ರು ಕೆಡಸ್ಲಾ ನಾನು?"

"ನಾನ್ ಯೋಳಿದ್ದು ಅಂತ ಬರ್ದಿರೋದ ತೆಗ್ದಾಕು."

"ಆಗ್ಲೇ ಕಳ್ಸ್‌ಬುಟ್ಟೆ. ಪೇಜ್ ಮುಗ್ದೋಯ್ತು."

ಖಾಲಿ ಕ್ಯಾನು ಹಿಡಿದು ಅವಳು ನಾಲೆ ಏರಿಯ ಮೇಲೆ ನಡೆದಳು. ನಾಳೆ ಈ ಪುಟದ ಫೋಟೋ ಯಾರಾದರೂ ಅವನ ಮೊಬೈಲಿಗೆ ಕಳಿಸುತ್ತಾರೆ. ಕಂಬಿ ಹಿಡಿದವರ ಮುಖ ಕಣ್ಣೆದುರು ಇಟ್ಟುಕೊಂಡು ಅವನು ಹೆಂಡತಿಯ ಪುಣ್ಯವನ್ನು ಓದುತ್ತಾನೆ. ಆಮೇಲೆ ಅವಳಿಗೆ ಒಂದು ಮಾತನ್ನೂ ಹೇಳಲಾರ. ಗೇಟಿನ ಆಚೆಯವರನ್ನು ಪುಟ್ಟರಾಜು ಒಂದು ಸಲ ಬಿಟ್ಟು ಬರೆದ, ತಾನು 'ಬುಡಿ' ಎಂದು ಎರಡು ಸಲ ಅದನ್ನೇ ಬಾಯಲ್ಲಿ ಮಾಡಿದ್ದೆನಲ್ಲ ಎನ್ನಿಸಿ ಅವಳ ಕಾಲು ನಿಂತಿತು. ಹೊರಗೆ ಉಳಿದವರ ಕಥೆ ಕೇಳಿದರೆ ತಾನು ಮಲಗಲಾರೆ ಎಂಬ ಹೆದರಿಕೆಗೆ ಸಮಾಧಾನದ ಹೆಸರು ಕೊಟ್ಟಿದ್ದಳು.

ಮನೆಯಲ್ಲಿ ಅತ್ತೆ ನೀಲಿ ಟೋಪಿಯ ಫೋಟೋ ಆರಿಸಿ, ಸೆರಗಿನಿಂದ ಒರೆಸುತ್ತಿದ್ದರು. "ಎಂಗಮ್ಮಿ? ರಾಜನಂಗವ್ನೆ ಅಲ್ವಾ?"

"ಊಂ ಅತ್ತೆ."

ಅವಳು ಮೊಬೈಲನ್ನು ತೆಗೆದುಕೊಂಡು ಮಾಳಿಗೆಯ ಮೆಟ್ಟಿಲು ಹತ್ತಿದಳು. ಈ ಸಲ ಅವನ ಫೋನಿಗೆ ಕಾಯುವುದಿಲ್ಲ, ತಾನೇ ಮಾಡುತ್ತಾಳೆ. ಕಂಬಿ ಹಿಡಿದ ಮೊದಲ ಹೆಂಗಸಿನಿಂದ ಶುರುಮಾಡಿಸಿ, ಯಾವ ಬಟ್ಟೆ ಉಟ್ಟಿದ್ದಳು, ಏನೆಂದು ಕೂಗಿದಳು, ಒಬ್ಬೊಬ್ಬರನ್ನೂ ಕೇಳುತ್ತಾಳೆ. ಅವನು ಅತ್ತರೆ ಅಳಲಿ. ಎಲ್ಲರದೂ ಮುಗಿಯುವ ತನಕ ಅವಳು ಫೋನಿಡುವುದಿಲ್ಲ.

"ಇಷ್ಟೊತ್ನಲ್ಲಿ ಮೇಲ್ಯಾಕಮ್ಮಿ?" ಕೆಳಗಿನಿಂದ ಅತ್ತೆ ಕೂಗಿದರು.

"ಒಣಾಕಿದ್ ಬಟ್ಟೆ ತತ್ತೀನಿ," ಎಂದಳು ರಂಜಿತ.