ನರ್ಸಬಾಯಿಯ ಹಿತ್ತಲು

ಚಿಲಕ ಕದಲಲಿಲ್ಲ. ಮಕ್ತುಮಬಿ ಸೆರಗನ್ನು ಸೊಂಟಕ್ಕೆ ಸಿಗಿಸಿಕೊಂಡು ಎರಡೂ ಕೈಯಿಂದ ಜಗ್ಗಿದಳು. ಜಂಗಿನ ಪುಡಿ ಬೆರಳಿಗೆ ಅಂಟಿತೇ ಹೊರತು ಹಿತ್ತಲ ಬಾಗಿಲು ತೆರೆಯಲಿಲ್ಲ.

"ಅಂಬರೀಷ, ಸ್ವಲ್ಪ ಎಣ್ಣಿ ತೊಗೊಂಡು ಬಾ. ಎಷ್ಟ ದಿನಾ ಆತಪಾ ಇದನ್ನ ತಗದು?"

"ಗೊತ್ತಿಲ್ಲ ಮೌಶಿ. ನಾ ಹುಬ್ಬಳ್ಳಿಯಿಂದ ಬಂದಾಗೆಲ್ಲಾ ಹಾಕೇ ಇರತಿತ್ತು. ಅವ್ವ ಯಾರಿಗೂ ತಗೀಗೊಡತಿದ್ದಿಲ್ಲ."

ಅಂಬರೀಷ ಅಡುಗೆಮನೆಯಿಂದ ಕೊಬ್ಬರಿ ಎಣ್ಣೆಯ ಬಾಟಲಿ ತಂದ. ನಡುಮನೆಯಲ್ಲಿ ಅವನ ತಾಯಿ ಪ್ರಭಾವತಿಯನ್ನು ಚಾಪೆಯ ಮೇಲೆ ಮಲಗಿಸಿದ್ದರು. ಬೆಳಗಿನ ಜಾವ ಎದೆ ಹಿಡಿದುಕೊಂಡವಳು ರಿಕ್ಷಾ ಬರುವುದರೊಳಗೆ ಹೋಗಿಬಿಟ್ಟಿದ್ದಳು. ಸರಕಾರಿ ದವಾಖಾನೆಯಲ್ಲಿ ನರ್ಸ್ ಆಗಿ ನಿವೃತ್ತಳಾದವಳು. ಮಕ್ತುಮಬಿ ಅದೇ ದವಾಖಾನೆಯಲ್ಲಿ ಆಯಾ. ಸುದ್ದಿ ಕೇಳಿ ಮೊದಲು ಬಂದವಳೂ ಅವಳೇ.

ಉಪ್ಪಿನಬೆಟಗೇರಿಯಿಂದ ಬಂದ ಅಂಬರೀಷನ ದೊಡ್ಡವ್ವ ಫಕೀರವ್ವ, ಹೆಣಕ್ಕೆ ಹಿತ್ತಲಿನಲ್ಲೇ ನೀರು ಹಾಕಬೇಕು ಎಂದು ಹಟ ಹಿಡಿದಿದ್ದಳು. "ಜೀವಾ ಎಲ್ಲಾ ಅಲ್ಲೇ ಇಟ್ಟಿದ್ಲು. ಬಚ್ಚಲದಾಗ ಯಾಕ ಮೀಯಸ್ತೀರಿ?"

ಎಣ್ಣೆ ಬಿದ್ದ ಚಿಲಕ ಒಮ್ಮೆ ಕಿರುಗುಟ್ಟಿ ಸರಿಯಿತು. ಬಾಗಿಲು ತೆರೆದದ್ದೇ ಬಿಸಿ ಝಳ ಮುಖಕ್ಕೆ ಹೊಡೆಯಿತು. ಈ ಗೋಡೆಯಿಂದ ಆ ಗೋಡೆಯ ತನಕ ಕಾಂಕ್ರೀಟು. ಫಕೀರವ್ವ ಹೊಸ್ತಿಲ ಮೇಲೆಯೇ ನಿಂತಳು.

"ಇಲ್ಲಿ ಗಿಡಾ ಇದ್ದುವಲ್ಲ?"

ಹೆಂಗಸರು ಬೆಂಚಿನ ಮೇಲೆ ಪ್ರಭಾವತಿಯನ್ನು ಮಲಗಿಸಿ ನೀರು ಹಾಕಿದರು. ಅವಳ ಮೈಯಿಂದ ಇಳಿದ ನೀರು ಎಲ್ಲಿಯೂ ಇಂಗಲಿಲ್ಲ. ಇಳಿಜಾರು ಹುಡುಕುತ್ತ ಹೋಗಿ ಗೋಡೆಯ ಮೂಲೆಯ ಗಟಾರಕ್ಕೆ ಬಿತ್ತು.

ಮನೆಯ ಮುಂದಿನ ಕಟ್ಟೆಯ ಮೇಲೆ ಅವಳ ಗಂಡ ಉಡಚಪ್ಪ ಕುಳಿತು ರಸ್ತೆ ನೋಡುತ್ತಿದ್ದ. ಹೊರಗೆ ಬಂದ ಮಗನನ್ನು ಹತ್ತಿರ ಕರೆದ.

"ಹೋಟೆಲ್ಲಿಗೆ ಹೇಳು, ಚಹಾ ಜಾಸ್ತಿ ಕಳಸು ಅಂತ. ಕಾಲನಿಯವರೆಲ್ಲಾ ಬರತಾರ."

"ಬರತಾರೇನಪಾ?"

"ಯಾಕ ಬರೂದಿಲ್ಲ? ಗಣಪತಿ ಕಮಿಟಿ ಉಪಾಧ್ಯಕ್ಷನ ಹೇಣ್ತಿ ತೀರಕೊಂಡಾಳ."

*

ಕೆಲಗೇರಿ ಕೆರೆಯ ಗಾಳಿ ತಾಗುವ ಈ ಕಾಲನಿಯಲ್ಲಿ ಮನೆ ಕಟ್ಟಿಸುವಾಗ ಪ್ರಭಾವತಿ ಕೋಣೆಗಳನ್ನು ಸಣ್ಣ ಮಾಡಿಸಿ ಹಿತ್ತಲಿಗೆ ಜಾಗ ಬಿಡಿಸಿದ್ದಳು. ಗೃಹಪ್ರವೇಶಕ್ಕಿಂತ ಮೊದಲು ಸಂಪಿಗೆಯ ಸಸಿ ನೆಟ್ಟಳು. ಆಮೇಲೆ ಪೇರಲ, ಪಾರಿಜಾತ, ದಾಸವಾಳ, ಗೋಡೆಗುಂಟ ಮಲ್ಲಿಗೆಯ ಬಳ್ಳಿ.

ರಾತ್ರಿ ಪಾಳಿ ಮುಗಿಸಿ ಬಂದರೆ ಮಲಗುತ್ತಿರಲಿಲ್ಲ. ಚಹಾದ ಲೋಟ ಹಿಡಿದು ಒಗೆಯುವ ಕಲ್ಲಿನ ಮೇಲೆ ಕೂಡುತ್ತಿದ್ದಳು. ವಾರ್ಡಿನಲ್ಲಿ ಯಾರಾದರೂ ತೀರಿಕೊಂಡಿದ್ದರೆ ಅಂದು ಇನ್ನೂ ಹೆಚ್ಚು ಹೊತ್ತು. ಮಾರ್ಚ್ ಬಂತೆಂದರೆ ಕುಟುರ ಹಕ್ಕಿ ದಿನವಿಡೀ ಕೂಗುತ್ತಿತ್ತು. ಬೇಸಗೆಗೆ ದುಂಡುಮಲ್ಲಿಗೆ, ಮೊದಲ ಮಳೆಗೆ ಎಲ್ಲಿಂದಲೋ ಎದ್ದು ಬರುವ ಕಪ್ಪೆಗಳು. ಶ್ರಾವಣದಲ್ಲಿ ಕಾಲಿಡಲು ತೆರಪಿಲ್ಲದಂತೆ ಪಾರಿಜಾತ ಉದುರುತ್ತಿತ್ತು. ಚಳಿಗೆ ಸೇವಂತಿಗೆ. ಪೇರಲ ಹಣ್ಣಾದಾಗ ಅರ್ಧ ಗಿಳಿಗಳಿಗೇ ಬಿಡುತ್ತಿದ್ದಳು. ಉಡಚಪ್ಪ ಗೊಣಗಿದರೆ, "ಮುಂಜಾನಿಂದ ಹುಳಾ ಆರಸ್ಯಾವ ಅವು. ಡ್ಯೂಟಿ ಮಾಡಿದವರಿಗೆ ಊಟಾ ಬ್ಯಾಡೇನ್ರಿ?" ಎನ್ನುತ್ತಿದ್ದಳು.

ಮಟಮಟ ಮಧ್ಯಾಹ್ನ ಗೋಡೆಯ ಸಂದಿನಿಂದ ಒಂದು ಮುಂಗುಸಿ ಬರುತ್ತಿತ್ತು. ಹಿಂಗಾಲ ಮೇಲೆ ನಿಂತು ಅವಳನ್ನೇ ನೋಡುತ್ತಿತ್ತು. "ಹಿಂಗ್ಯಾಕ ನೋಡ್ತಿ? ನಿನ್ನ ಮನ್ಯಾಗ ಬಂದು ಕುಂತೇನೇನು?" ಎಂದು ಅದರ ಜೊತೆ ಜಗಳ ಕಾಯುತ್ತಿದ್ದಳು. ಮನುಷ್ಯರ ಜೊತೆ ಅಷ್ಟು ಸಲಿಗೆ ಅವಳಿಗೆ ಇರಲಿಲ್ಲ. ಮಾತು ಬಿರುಸು.

ದಿನಾ ಬೆಳಗ್ಗೆ ಪಕ್ಕದ ಮನೆಯ ಕಾವೇರಿ ಗೋಡೆಯಾಚೆಯಿಂದ ಪ್ಲಾಸ್ಟಿಕ್ ಬುಟ್ಟಿ ಎತ್ತಿ ಹಿಡಿಯುತ್ತಿದ್ದಳು. "ನರ್ಸಬಾಯಾರ, ಮ್ಯಾಲಿನ ಟೊಂಗ್ಯಾಗ ಅದಾವ ನೋಡ್ರಿ, ಸ್ವಲ್ಪ ಜಗ್ಗಿ ಕೊಡ್ರಿ." ಪ್ರಭಾವತಿ ಟೊಂಗೆ ಜಗ್ಗಿ ಬುಟ್ಟಿ ತುಂಬಿ ಕೊಡುತ್ತಿದ್ದಳು. ಆಚೆ ಓಣಿಯವರೂ ಬರುತ್ತಿದ್ದರು. ಬಿಪಿ ನೋಡಿಸಿಕೊಳ್ಳಲು ಕಟ್ಟೆಯ ತನಕ ಬಂದವರು ತೋಳು ಚಾಚುತ್ತಿದ್ದರು. ಚಹಾ ಅಂದರೆ ಮಾತ್ರ ಎಲ್ಲರದೂ ಒಂದೇ ಉತ್ತರ: "ಈಗ ಕುಡದ ಬಂದೇವ್ರಿ."

ಉಪ್ಪಿನಬೆಟಗೇರಿಯ ಹೊರಕೇರಿಯಲ್ಲಿ ಹುಟ್ಟಿದವಳಿಗೆ ಆ ಉತ್ತರ ಹೊಸದಲ್ಲ. ಚಿಕ್ಕವಳಿದ್ದಾಗ ಅವ್ವನ ಜೊತೆ ದೊಡ್ಡವರ ಮನೆಯ ಅಂಗಳ ಗುಡಿಸಲು ಹೋಗಿದ್ದಳು. ಅಲ್ಲಿ ಕಟ್ಟೆಯ ಮೇಲಿದ್ದ ಹೂಬುಟ್ಟಿಯಿಂದ ಒಂದು ಸಂಪಿಗೆ ಎತ್ತಿ ಮೂಸಿದ್ದಳು. ಮನೆಯಾಕೆ ಬಯ್ಯಲಿಲ್ಲ. ಬುಟ್ಟಿಯ ಹೂವನ್ನೆಲ್ಲ ತಿಪ್ಪೆಗೆ ಸುರಿಸಿ ಬುಟ್ಟಿ ತೊಳೆಸಿದಳು.

ಇದನ್ನು ಪ್ರಭಾವತಿ ಹೇಳಿದ್ದು ಮಕ್ತುಮಬಿಗೆ ಒಬ್ಬಳಿಗೇ. ಹೇಳಿ ನಕ್ಕಿದ್ದಳು. "ಈಗ ನೋಡ, ನನ್ನ ಹೂವು ಈ ಕಾಲನಿ ದೇವರೆಲ್ಲಾರ ತಲಿ ಮ್ಯಾಲೆ ಕುಂತಾವ. ಕುಂದರಲಿ."

*

ಮಧ್ಯಾಹ್ನಕ್ಕೆ ಕಾಲನಿಯವರು ಬಂದರು. ಗೇಟಿನ ತನಕ.

ಮುಂದೆ ಮಾಲತೇಶ. ಕಾಲನಿಯ ಗಣಪತಿ ಕಮಿಟಿಯ ಅಧ್ಯಕ್ಷ, ಕಾವೇರಿಯ ಗಂಡ. ಅವನ ಕೈಯಲ್ಲಿ ಚೆಂಡುಹೂವಿನ ದೊಡ್ಡ ಹಾರ. ಉಡಚಪ್ಪ ಎದ್ದು ಓಡಿದ.

"ಬರ್ರಿ, ಒಳಗ ಬರ್ರಿ."

"ಒಳಗ ಬರಾಕ ಆಗೂದಿಲ್ರಿ ಉಡಚಪ್ಪನವರ. ಮನ್ಯಾಗ ನಾಳಿ ಸತ್ಯನಾರಾಯಣ ಪೂಜಾ ಇಟ್ಟೇವಿ. ಸೂತಕ ಆಗತೈತಿ. ತಪ್ಪ ತಿಳ್ಕೋಬ್ಯಾಡ್ರಿ."

"ಇಲ್ಲಿಲ್ಲ. ಅದರಾಗ ತಪ್ಪೇನ ಐತ್ರಿ."

"ಹಂಗರ ಚಹಾನರ ಕುಡೀರಿ. ಹೋಟೆಲ್ಲಿಂದ ತರಸೇವಿ," ಎಂದು ಉಡಚಪ್ಪನೇ ಮತ್ತೆ ಸೇರಿಸಿದ.

"ಈಗ ಕುಡದ ಬಂದೇವ್ರಿ."

ಕಾವೇರಿ ಸೆರಗಿನ ತುದಿಯಿಂದ ಕಣ್ಣು ಒತ್ತಿಕೊಂಡಳು. ಅದು ಸುಳ್ಳು ಅಳುವಾಗಿರಲಿಲ್ಲ. ಒಳಗಿನಿಂದ ಬಂದ ಮಕ್ತುಮಬಿಯನ್ನು ನೋಡಿ, "ಭಾಳ ಛಲೋ ಮನಶ್ಯಾರಿದ್ರು. ಅವರ ಸಂಪಿಗಿ ಹೂ ಇಲ್ಲದ ನಮ್ಮ ಪೂಜಾನ ಆಗತಿದ್ದಿಲ್ಲ. ಈಗ ಎಲ್ಲಾ ಮಾರ್ಕೆಟ್ಟಿಂದ ತರಬೇಕು ನೋಡ್ರಿ," ಎಂದಳು.

"ಗಿಡಾ ಕಡಸಿದವರು ಯಾರವಾ?"

"ನಾವೇನ ಒತ್ತಾಯ ಮಾಡಿದ್ದಿಲ್ಲ ಬಿಡ್ರಿ. ನಮ್ಮ ಬಚ್ಚಲದಾಗ ಹಾವು ಬಂದಿತ್ತು, ಹೇಳಿದ್ವಿ. ಉಡಚಪ್ಪನವರ ಒಪ್ಪಿದ್ರು."

ಮಕ್ತುಮಬಿ ಉಡಚಪ್ಪನತ್ತ ತಿರುಗಿದಳು. ಅವನು ಗೇಟಿನ ಸರಳು ಹಿಡಿದು ನಿಂತಿದ್ದ.

"ಹೌದು," ಎಂದ. "ನಾನ ಒಪ್ಪಿದ್ದೆ."

*

ಹೋದ ವರ್ಷ ಬೇಸಗೆಯ ಆರಂಭದಲ್ಲಿ ಸೊಸೆ ಸುಕನ್ಯಾ ಹೆತ್ತಳು. ಅವಳಿಗೆ ತಾಯಿ ಇರಲಿಲ್ಲ. ಬಾಣಂತನಕ್ಕೆಂದು ಪ್ರಭಾವತಿ ಹುಬ್ಬಳ್ಳಿಗೆ, ಗೋಕುಲ ರಸ್ತೆಯ ಮಗನ ಮನೆಗೆ ಹೋದಳು.

ಆ ದಿನಗಳಲ್ಲಿಯೇ ಒಂದು ಸಂಜೆ ಮಾಲತೇಶ ಉಡಚಪ್ಪನ ಮನೆಗೆ ಬಂದ. ಚಪ್ಪಲಿ ಕಳೆದು ಒಳಗೆ ಬಂದ. ಗೋಡೆಯ ಮೇಲಿನ ಬುದ್ಧ, ಬಾಬಾಸಾಹೇಬರ ಫೋಟೋ ನೋಡಿ, ಸೋಫಾದ ಮೇಲೆ ಕುಳಿತ. ಉಡಚಪ್ಪನಿಗೆ ಏನು ಮಾಡಬೇಕೋ ತಿಳಿಯಲಿಲ್ಲ. ಕಚೇರಿಯಲ್ಲಿ ಕಾರಕೂನನಾಗಿ ಸವೆದವನು ಅವನು. ಕಾಲನಿಗೆ ಬಂದಾಗಿನಿಂದ ಪ್ರತಿ ಗಣಪತಿಗೂ ಪೆಂಡಾಲಿನ ಎದುರು ಹಾದು ಹೋಗುವಾಗ ಯಾರಾದರೂ ಕರೆದಾರೇನೋ ಎಂದು ನಡಿಗೆ ನಿಧಾನ ಮಾಡಿದವನು.

ತಾನೇ ಚಹಾ ಮಾಡಿ ತಂದು ಟೀಪಾಯಿಯ ಮೇಲೆ ಇಟ್ಟ. ಮಾಲತೇಶ ಮಾತಾಡುತ್ತ ಮಾತಾಡುತ್ತ ಕಪ್ಪು ಎತ್ತಿದ. ಕುಡಿದ.

"ಹಾವು, ಮುಂಗುಸಿ, ಬಾವಲಿ. ಸಣ್ಣ ಹುಡುಗೂರು ಇರೂ ಕಾಲನಿ ಇದು. ಎಲ್ಲಾರೂ ಹೇಳಾಕತ್ತಾರ. ನೀವು ತಿಳದವರು. ಈ ಸಲ ಕಮಿಟಿಗೆ ನಿಮ್ಮನ್ನ ಉಪಾಧ್ಯಕ್ಷರನ್ನಾಗಿ ಮಾಡೋಣ ಅಂತ ನಾನ ಹೇಳೇನಿ."

ಉಡಚಪ್ಪ ಅವನ ಮಾತಿಗಿಂತ ಕಪ್ಪಿನ ಕಡೆ ನೋಡುತ್ತಿದ್ದ. ತಳದಲ್ಲಿ ಏನೂ ಉಳಿಯಲಿಲ್ಲ.

ವಾರದೊಳಗೆ ಜೆಸಿಬಿ ಬಂತು.

ಪ್ರಭಾವತಿ ಮರಳಿ ಬಂದಾಗ ಅವಳ ಕೈಯಲ್ಲಿ ನರ್ಸರಿಯಿಂದ ಕೊಂಡ ರಾತ್ರಿರಾಣಿಯ ಸಸಿ ಇತ್ತು. ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದಿದ್ದಳು. ಸಸಿ ಹಿಡಿದುಕೊಂಡೇ ಹಿತ್ತಲ ಬಾಗಿಲಿಗೆ ಹೋದಳು. ಕಾಂಕ್ರೀಟು ಇನ್ನೂ ಹಸಿಯಾಗಿತ್ತು. ಮೇಲೆ ಗೋಣಿಚೀಲ ಹಾಸಿ ನೀರು ಬಿಟ್ಟಿದ್ದರು.

"ಸಂಪಿಗಿ ಗಿಡದಾಗ ಕುಟುರ ಪೊಟರಿ ಕೊರದಿತ್ತು," ಎಂದಳು. "ಮರಿ ಇದ್ದುವು."

"ನಾ ನೋಡಲಿಲ್ಲ. ಮಷೀನ ಸಪ್ಪಳಾ ಭಾಳ ಇತ್ತು."

"ಮರಿ ಒದರಿದ್ದೂ ಕೇಳಲಿಲ್ಲೇನ್ರಿ?"

"ಹಾವು ಬಂದಿತ್ತು ಪ್ರಭಾ. ಮಂದಿ ಹೇಳೂದು ಎಷ್ಟಂತ ಕೇಳೂದು?"

"ಅದು ಕೇರಿ ಹಾವು, ವಿಷಾ ಇಲ್ಲದ್ದು. ನಿಮಗೂ ಗೊತ್ತೈತಿ. ಖರೇ ಹೇಳ್ರಿ, ಯಾಕ ಕಡಸಿದ್ರಿ?"

ಉಡಚಪ್ಪ ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. ಅವಳಿಗೂ ಸಂತೋಷವಾದೀತು ಎಂಬ ಆಸೆ ಎಲ್ಲೋ ಇತ್ತೇನೋ.

"ಮಾಲತೇಶ ಅವರು ಮನಿಗೆ ಬಂದಿದ್ರು. ಒಳಗ ಬಂದು, ಸೋಫಾದ ಮ್ಯಾಲೆ ಕುಂತು ಚಹಾ ಕುಡದ್ರು, ಪ್ರಭಾ."

ಅವಳು ಗಂಡನನ್ನು ಮೊದಲ ಸಲ ನೋಡುವವಳ ಹಾಗೆ ನೋಡಿದಳು.

"ಪೂರಾ ಕುಡದ್ರೇನು?"

"ಪೂರಾ."

"ಛಲೋ ಆತು," ಎಂದಳು. ಬಾಗಿಲು ಎಳೆದು ಚಿಲಕ ಹಾಕಿದಳು. ಸಸಿಯನ್ನು ಮರುದಿನ ಮಕ್ತುಮಬಿಗೆ ಕೊಟ್ಟುಬಿಟ್ಟಳು.

ಆಮೇಲೆ ಅವಳು ಜಗಳವಾಡಲಿಲ್ಲ. ಗಂಡನಿಗೆ ಹೊತ್ತಿಗೆ ಸರಿಯಾಗಿ ರೊಟ್ಟಿ ಬಡಿದು ಹಾಕಿದಳು. ಕಾವೇರಿಯ ಬಿಪಿಯನ್ನೂ ನೋಡಿದಳು. ಉಳಿದ ಹೊತ್ತು ಟಿವಿಯ ಎದುರು ಕುಳಿತಿರುತ್ತಿದ್ದಳು. ಒಮ್ಮೊಮ್ಮೆ ಅದರ ಧ್ವನಿ ಬಂದ್ ಆಗಿರುತ್ತಿತ್ತು. ಅದು ಅವಳಿಗೆ ಗೊತ್ತೇ ಆಗುತ್ತಿರಲಿಲ್ಲ.

ಗಣಪತಿ ಹಬ್ಬಕ್ಕೆ ಬ್ಯಾನರಿನ ಮೇಲೆ ಉಡಚಪ್ಪನ ಹೆಸರೂ ಫೋಟೋವೂ ಬಂದವು. ಕಡೆಯ ಸಾಲಿನಲ್ಲಿ. ಆರತಿಯ ಹೊತ್ತಿಗೆ ಮಾಲತೇಶ ಅವನ ಹೆಗಲ ಮೇಲೆ ಕೈಯಿಟ್ಟು, "ಹಿರೇರು ನೀವು. ಭಾಳ ಮಂದಿ ಬಂದಾರ, ಚಪ್ಪಲಿ ಕಡೆ ಒಂದೀಟು ಲಕ್ಷ್ಯ ಇರಲಿ," ಎಂದ. ಒಂಬತ್ತೂ ದಿನ ಉಡಚಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಚಪ್ಪಲಿಗಳ ಪಕ್ಕ ನಿಂತ. ಮನೆಯಲ್ಲಿ ಹೇಳಲಿಲ್ಲ. ಕಾಯಿಪಲ್ಯ ತರಲು ಹೋಗಿದ್ದ ಪ್ರಭಾವತಿ ರಸ್ತೆಯಾಚೆಯಿಂದ ಅವನನ್ನು ನೋಡಿದಳು. ಅವಳೂ ಹೇಳಲಿಲ್ಲ. ಅಂದು ರಾತ್ರಿ ಅವನ ತಟ್ಟೆಗೆ ಎಂದಿಗಿಂತ ಹೆಚ್ಚು ತುಪ್ಪ ಬಿತ್ತು.

*

ಹೆಣ ಗೇಟಿನ ಹೊರಗೆ ಬಂದಾಗ ಮಾಲತೇಶ ಹಾರವನ್ನು ಅಂಬರೀಷನ ಕೈಗೆ ಕೊಟ್ಟ.

"ನೀವ ಹಾಕಿಬಿಡ್ರಿ, ಕಮಿಟಿ ಪರವಾಗಿ."

ಅಂಬರೀಷ ಅವನ ಮುಖವನ್ನೊಮ್ಮೆ, ಹಾರವನ್ನೊಮ್ಮೆ ನೋಡಿದ. ಬಿಸಾಡುತ್ತಾನೆಂದು ಮಕ್ತುಮಬಿಗೆ ಅನ್ನಿಸಿತು. ಉಡಚಪ್ಪ ಮಗನ ಕೈಯಿಂದ ಹಾರ ಇಸಿದುಕೊಂಡು ತಾನೇ ಹೆಂಡತಿಯ ಎದೆಯ ಮೇಲೆ ಇಟ್ಟ. ಹಾರದ ನಡುನಡುವಿನ ಜರಿ ಬಿಸಿಲಿಗೆ ಮಿಂಚಿತು.

"ಸರ್, ಈ ಕಡೆ," ಎಂದು ಯಾರೋ ಮೊಬೈಲ್ ಎತ್ತಿ ಹಿಡಿದರು. ಮಾಲತೇಶ ದೂರದಲ್ಲಿಯೇ ಕೈಮುಗಿದು ತಲೆ ಬಾಗಿಸಿದ. ಉಡಚಪ್ಪನ ಕೈ ತಾನಾಗಿ ಅಂಗಿಯ ಕಾಲರಿಗೆ ಹೋಗಿ ಅದನ್ನು ಸರಿಪಡಿಸಿತು.

"ಅಪ್ಪಾ, ನಡಿ," ಎಂದ ಅಂಬರೀಷ. "ಎತ್ರಿ, ಲಗೂ ಎತ್ರಿ."

ಮಣ್ಣು ಕೊಟ್ಟು ಬರುವುದರೊಳಗೆ ಹೊತ್ತು ಇಳಿದಿತ್ತು. ಬಾಗಿಲಲ್ಲಿ ಮಕ್ತುಮಬಿ ಎಲ್ಲರ ಕಾಲಿಗೆ ನೀರು ಹಾಕಿದಳು. ಉಡಚಪ್ಪ ಕೊನೆಗೆ ಬಂದ.

"ನಾವು ಹೋದಮ್ಯಾಲೆ ಕಾಲನಿಯವರು ಯಾರರ ಬಂದಿದ್ರೇನು?"

"ಯಾರೂ ಬರಲಿಲ್ಲ ಅಣ್ಣಾರ."

"ಚಹಾ?"

"ಹಂಗ ಐತ್ರಿ. ಆರಿ ಹೋತು."

ಅವಳು ಬಿಂದಿಗೆ ಕೆಳಗಿಟ್ಟಳು. ಬೆಳಗಿನಿಂದ ಹಿಡಿದಿಟ್ಟ ಮಾತು ತಡೆಯಲಾಗದೆ ಬಂತು. "ಸಿಸ್ಟರ್ ನಿಮ್ಮ ಮ್ಯಾಲೆ ಒಂದ ದಿನಾ ಸಿಟ್ಟ ಮಾಡಲಿಲ್ರಿ. ನಾ ಬಯ್ಯಾಕ ಹತ್ತಿದರ ನನ್ನ ಬಾಯಿ ಮುಚ್ಚಿಸತಿದ್ರು. ಏನಂತಿದ್ರು ಗೊತ್ತೇನ್ರಿ? 'ನನಗ ನೆಲಾ ಬೇಕಾಗಿತ್ತು ಮಕ್ತುಮಾ, ಅವರಿಗೆ ಮಂದಿ ಬೇಕಾಗಿದ್ರು. ಇಬ್ಬರಿಗೂ ಸಿಗಲಿಲ್ಲ' ಅಂತಿದ್ರು."

ಉಡಚಪ್ಪ ತೊಯ್ದ ಕಾಲಲ್ಲೇ ಒಳಗೆ ಹೋಗಿ, ಕತ್ತಲಾಗುತ್ತಿದ್ದ ನಡುಮನೆಯಲ್ಲಿ ಸೋಫಾದ ಒಂದು ತುದಿಗೆ ಕುಳಿತ.

ಕಿಸೆಯಲ್ಲಿ ಮೊಬೈಲ್ ಗುಂಯ್‌ಗುಡುತ್ತಿತ್ತು. ತೆಗೆದು ನೋಡಿದ. ಕಾಲನಿಯ ವಾಟ್ಸಾಪ್ ಗುಂಪಿಗೆ ಮಧ್ಯಾಹ್ನದ ಫೋಟೋ ಬಂದಿತ್ತು. ಕೈಮುಗಿದು ತಲೆಬಾಗಿದ ಮಾಲತೇಶ. ಅವನ ಮುಂದೆ ಹಾರ, ಹಾರದ ಕೆಳಗೆ ಬಿಳಿ ಬಟ್ಟೆ. ಪ್ರಭಾವತಿಯ ಮುಖ ಚೌಕಟ್ಟಿನ ಹೊರಗೆ ಉಳಿದಿತ್ತು. ಉಡಚಪ್ಪನ ಕಾಲರು ಮತ್ತು ಅರ್ಧ ಗದ್ದ ಒಂದು ಅಂಚಿನಲ್ಲಿ ಕಂಡವು.

ಫೋಟೋದ ಕೆಳಗೆ ಒಂದರ ಹಿಂದೆ ಒಂದು ಓಂ ಶಾಂತಿ ಬರುತ್ತಿದ್ದವು. ಪ್ರತಿಯೊಂದರ ಜೊತೆ ಹೂವಿನ ಚಿತ್ರ. ಎದುರು ಮನೆಯಿಂದ ಕೆಂಪು ಗುಲಾಬಿ. ಮೂಲೆ ಮನೆಯಿಂದ ಕಮಲ. ಮಾಲತೇಶನ ಮನೆಯಿಂದ ದಾಸವಾಳ. ಆಚೆ ಓಣಿಯಿಂದ ಸೂರ್ಯಕಾಂತಿ, ಮತ್ತೆ ಗುಲಾಬಿ, ಹೆಸರು ಗೊತ್ತಿಲ್ಲದ ನೀಲಿ ಹೂವು. ಪರದೆ ತುಂಬಿ ಮೇಲೆ ಸರಿಯಿತು, ಕೆಳಗಿನಿಂದ ಇನ್ನಷ್ಟು ಬಂದವು. ಅವುಗಳ ಬೆಳಕು ಉಡಚಪ್ಪನ ಮುಖದ ಮೇಲೆ ಬಿದ್ದಿತ್ತು.

ಅವನು ಕನ್ನಡಕ ಒರೆಸಿಕೊಂಡು, ಯಾವುದೂ ತಪ್ಪದಂತೆ, ಒಂದೊಂದು ಹೂವಿಗೂ ಜೋಡಿಸಿದ ಕೈಗಳ ಗುರುತನ್ನು ಒತ್ತುತ್ತ ಹೋದ.