ಸುಂದರವ್ವ ಬಾಯಿ ಬಿಟ್ಟ ಗುರುವಾರ

ನಮ್ಮ ಅತ್ತೆ ಸುಂದರವ್ವನ ಮುಂದೆ ಮೊಮ್ಮಗಳ ಬೇನೆಯ ಮಾತೆತ್ತುವಂತಿರಲಿಲ್ಲ. ಹೆಣ್ಣು ಕೂಸಿನ ಬೇನೆ ನಾಲ್ಕು ಮಂದಿಯ ಕಿವಿಗೆ ಬಿದ್ದರೆ ಮುಂದೆ ವರ ಸಿಗುವುದಿಲ್ಲ ಎಂಬುದು ಮುನವಳ್ಳಿಯ ನಮ್ಮ ಓಣಿಯ ಕಾಯಿದೆ. ನನ್ನ ಮಗಳು ಸ್ನೇಹಲ್‌ಗೆ ಇನ್ನೂ ಐದು ವರ್ಷ, ಒಂದು ಹಾಲುಹಲ್ಲೂ ಬಿದ್ದಿಲ್ಲ. ಇವರಿಗೆ ಆಗಲೇ ವರನ ಚಿಂತೆ! ಸಿಟ್ಟು ನೆತ್ತಿಗೇರುತ್ತಿತ್ತು ನನಗೆ. ಆದರೂ ನಾನು ಸವದತ್ತಿಯ ಬಟ್ಟೆ ಅಂಗಡಿಗೆ ಕೆಲಸಕ್ಕೆ ಹೋಗುವವಳು, ಹಗಲೆಲ್ಲ ಕೂಸು ಇರುತ್ತಿದ್ದುದು ಅತ್ತೆಯ ಹತ್ತಿರವೇ.

ಸ್ನೇಹಲ್‌ಳ ಹೃದಯದಲ್ಲಿ ತೂತಿತ್ತು, ಶ್ವಾಸಕೋಶಕ್ಕೆ ರಕ್ತ ಹೋಗುವ ದಾರಿಯೂ ಇಕ್ಕಟ್ಟಾಗಿತ್ತು. ಆಪರೇಶನ್ ಆಗಲೇಬೇಕು, ಯಾವಾಗ ಎಂಬುದೇ ಪ್ರಶ್ನೆ. ಬೆಳಗಾವಿಯ ಆಸ್ಪತ್ರೆಯಲ್ಲಿ ಅದನ್ನು ಒಬ್ಬ ಡಾಕ್ಟರು ಹೇಳುವುದಿಲ್ಲ. ಪ್ರತಿ ಗುರುವಾರ ಡಾಕ್ಟರು, ನರ್ಸು ಎಲ್ಲರೂ ಕೂಡಿ ಕುಳಿತು, ಯಾವ ಕೂಸಿಗೆ ಮೊದಲು ಎಂದು ತೀರ್ಮಾನಿಸುತ್ತಾರೆ. ಆ ಗುರುವಾರ ಹೊರಗಿನ ಬೆಂಚಿನ ಮೇಲೆ ನಾವು ಕುಳಿತಿದ್ದೆವು. ಸ್ನೇಹಲ್‌ಳನ್ನು ನೋಡುತ್ತಿದ್ದ ಡಾಕ್ಟರ್ ರಾಜೇಶ್ವರಿ ಹೊರಬಂದು ಅತ್ತೆಯನ್ನೂ ನನ್ನನ್ನೂ ಒಳಗೆ ಕರೆದರು.

ಗೋಡೆಯ ಪರದೆಯ ಮೇಲೆ ನನ್ನ ಮಗಳ ಹೃದಯ ಬಡಿಯುತ್ತಿತ್ತು. ಸರ್ಜನ್, ಅರಿವಳಿಕೆ ಕೊಡುವವರು, ನರ್ಸುಗಳು, ಎಲ್ಲರೂ ತಮ್ಮ ಮನೆಯ ಕೂಸೇನೋ ಎಂಬಂತೆ ವಾದ ಹಾಕುತ್ತಿದ್ದರು.

"ಮೂರು ತಿಂಗಳ ತಡೀಬಹುದು," ಎಂದರು ಸರ್ಜನ್. "ತ್ರಾಸಿಲ್ಲ ಅಂತ ಮನಿಯವರ ಹೇಳ್ಯಾರಲ್ಲ."

"ಆ ಮಾತ ನಾ ನಂಬಂಗಿಲ್ರಿ," ಎಂದ ರಾಜೇಶ್ವರಿ ಅತ್ತೆಯ ಕಡೆ ತಿರುಗಿದರು. "ಅಜ್ಜಿ, ಅಳೂ ಮುಂದ ಕೂಸು ನೀಲಿ ಆಗತಾಳೇನ? ಎಚ್ಚರ ತಪ್ಪತಾಳೇನ? ಹಂಗಿದ್ರ ತಡದ್ರ ಜೀವಕ್ಕ ಅಪಾಯ."

ಅತ್ತೆ ಪರದೆಯನ್ನು ನೋಡಿದರು, ನನ್ನನ್ನು ನೋಡಿದರು. ಸೆರಗು ಬಾಯಿಗೆ ಹೋಯಿತು.

"ಎರಡ ಸಲ ಆಗೇತ್ರಿ. ತುಟಿ ಕಪ್ಪಾಗಿ ನನ್ನ ತೊಡೀ ಮ್ಯಾಲ ಜೋತು ಬಿದ್ದಿದ್ಲು. ಇಕಿಗೂ ಹೇಳಿಲ್ರಿ."

"ಅಯ್ಯ ನನ್ನ ಶಿವನ! ಕೂಸ ಹೋಗಿದ್ರ ಯಾವ ವರನ್ನ ತರತಿದ್ರಿ ಅತ್ತಿ?" ಎಂದು ಅಷ್ಟೂ ಮಂದಿಯ ಮುಂದೆ ಚೀರಿಬಿಟ್ಟೆ. ಯಾರೂ ಗದರಲಿಲ್ಲ. ಒಬ್ಬ ನರ್ಸ್ ಕುರ್ಚಿ ಸರಿಸಿ ನನ್ನನ್ನು ಕೂರಿಸಿದಳು.

"ತಿಂಗಳ ಮಾತ ಬಿಡ್ರಿ," ಎಂದರು ಸರ್ಜನ್. "ಇವತ್ತ ಅಡ್ಮಿಟ್, ಸೋಮವಾರ ಆಪರೇಶನ್."

ಆಪರೇಶನ್ ಆಯಿತು. ಸದಾ ನೇರಳೆ ಬಣ್ಣವಿರುತ್ತಿದ್ದ ಮಗಳ ಉಗುರು ಕೆಂಪಗಾದುದನ್ನು ಕಂಡು ನಾನು ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ. ಆ ಕೋಣೆಯಲ್ಲಿ ಕುಳಿತಿದ್ದ ಒಬ್ಬೊಬ್ಬರ ಹೊಟ್ಟೆ ತಣ್ಣಗಿರಲಿ. ಅತ್ತೆಯದೂ ತಣ್ಣಗಿರಲಿ, ಆ ದಿನ ಅವರು ಬಾಯಿ ಬಿಡದಿದ್ದರೆ ನನ್ನ ಮಡಿಲು ಬರಿದಾಗುತ್ತಿತ್ತು.

ಬಿಡುಗಡೆಯ ದಿನ ಪಕ್ಕದ ಮಂಚಕ್ಕೆ ರಾಮದುರ್ಗದ ತಾಯಿಯೊಬ್ಬಳು ಮಗಳನ್ನು ಕರೆತಂದಿದ್ದಳು. ನರ್ಸ್ ಏನು ಕೇಳಿದರೂ ತಲೆ ತಗ್ಗಿಸಿ, ಏನಿಲ್ಲ, ಏನಿಲ್ಲ ಎನ್ನುತ್ತಿದ್ದಳು. ಅತ್ತೆ ಎದ್ದು ಹೋಗಿ ಅವಳ ಕೈ ಹಿಡಿದುಕೊಂಡರು. ಇಡೀ ವಾರ್ಡಿಗೆ ಕೇಳುವಂತೆ ಹೇಳಿದರು:

"ಎಲ್ಲಾ ಹೇಳ ಯವ್ವಾ, ಒಂದೂ ಮುಚ್ಚಬ್ಯಾಡ. ಅಲ್ಲಿ ನೋಡು, ನನ್ನ ಮೊಮ್ಮಗಳು. ಎದಿ ಸೀಳಿ ಹೊಲದಾರ. ಬದಕ್ಯಾಳ!"